ಬೋರ್ಡಿಗಿಂತ ಮೊದಲು ವಹಿ ತೆಗೆಯಿರಿ: ಹಿವರೆ ಬಜಾರದ ಪಾಠ

ಜತ್ತ: ಊರಿಗೊಂದು ಯುವಕ ಮಂಡಳ, ಓಣಿಗೊಂದು ಬಚತ ಗಟ. ಉಮದಿ, ಸಂಖ ಭಾಗದಿಂದ ಹಿಡಿದು ಅಕ್ಕಲಕೋಟದವರೆಗೆ ಗಡಿಭಾಗದ ಕನ್ನಡ ಹಳ್ಳಿಗಳಲ್ಲಿ ಸಂಘಟನೆಗಳಿಗೇನೂ ಬರವಿಲ್ಲ. ಉದ್ಘಾಟನೆ ದಿನ ಹಾರ-ತುರಾಯಿ, ಫೋಟೊ ಎಲ್ಲಾ ಆಗುತ್ತದೆ. ವರ್ಷ ತುಂಬುವಷ್ಟರಲ್ಲಿ ಎಷ್ಟೋ ಕಡೆ ಬೋರ್ಡ್ ಮಾತ್ರ ಉಳಿದಿರುತ್ತದೆ. ಕೇಳಿದರೆ ‘ಮಂದಿ ಕೂಡಂಗಿಲ್ಲರೀ’ ಎಂಬ ಉತ್ತರ ಸಿದ್ಧ.

ಮಂದಿ ಯಾಕೆ ಕೂಡುವುದಿಲ್ಲ? ಕೂಡಿದವರನ್ನು ಹಿಡಿದಿಡುವುದು ಹೇಗೆ? ಇದಕ್ಕೆ ಉತ್ತರ ಹುಡುಕಿ ಬಹಳ ದೂರ ಹೋಗಬೇಕಿಲ್ಲ. ಇದೇ ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಹಿವರೆ ಬಜಾರ ನೋಡಿದರೆ ಸಾಕು.

ಜತ್ತದಂತೆ ಅದೂ ಮಳೆನೆರಳಿನ ಸೀಮೆ. ವರ್ಷಕ್ಕೆ ಸುಮಾರು 400 ಮಿ.ಮೀ. ಮಳೆ. 1972ರ ಬರದ ನಂತರ ಊರು ಕುಸಿಯಿತು. ಗುಡ್ಡ ಬೋಳಾದವು, ಬಾವಿ ಬತ್ತಿದವು, ಸೆರೆ ಅಂಗಡಿ ಹೆಚ್ಚಿದವು. ದುಡಿಯುವವರು ಗುಳೆ ಹೋದರು. ಸರಕಾರಿ ನೌಕರರಿಗೆ ಅಲ್ಲಿಗೆ ವರ್ಗವಾದರೆ ಅದೊಂದು ಶಿಕ್ಷೆ.

1989ರಲ್ಲಿ ಪೋಪಟರಾವ್ ಪವಾರ್ ಅಲ್ಲಿ ಸರಪಂಚರಾದರು. ಎಂ.ಕಾಂ. ಓದಿದವರು, ಕ್ರಿಕೆಟ್ ಆಟಗಾರರು. ಅವರಿಗೆ ಸಿಕ್ಕಿದ್ದು ಒಡೆದ ಊರು, ಖಾಲಿ ತಿಜೋರಿ.

ಮೊದಲು ಶಾಲೆ, ಆಮೇಲೆ ಗುಡ್ಡ

ಒಮ್ಮೆಲೇ ದೊಡ್ಡ ಯೋಜನೆಗೆ ಕೈ ಹಾಕಲಿಲ್ಲ. ಮೊದಲು ಶಾಲೆಯ ಕೋಣೆ. ಶ್ರಮದಾನದಿಂದ ಕಟ್ಟಿದ ಗೋಡೆ ಕಣ್ಣಿಗೆ ಕಂಡಿತು, ‘ನಮ್ಮಿಂದ ಆಗ್ತದ’ ಎಂಬ ಧೈರ್ಯ ಬಂತು. ಗುಡ್ಡಗಳ ಮೇಲೆ ಸಮಪಾತಳಿ ಚರಿ ತೋಡುವುದು, ಒಡ್ಡು ಹಾಕುವುದು, ಗಿಡ ನೆಡುವುದು ಎಲ್ಲಾ ನಂತರದ ಮಾತು. ರಾಜ್ಯದ ಆದರ್ಶ ಗಾಂವ ಯೋಜನೆಯ ಹಣವೂ 90ರ ದಶಕದಲ್ಲಿ ಬಂತು. ಆದರೆ ಹಣ ಬರುವ ಮೊದಲೇ ತಂಡ ತಯಾರಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಬಂದಿ ಹಾಕಿದರು, ದಾರಿಯನ್ನೂ ತೋರಿಸಿದರು

ಗ್ರಾಮಸಭೆಯಲ್ಲಿ ಕಟ್ಟುಪಾಡುಗಳಾದವು. ಗಿಡ ಕಡಿಯುವಂತಿಲ್ಲ, ದನ-ಕುರಿ ಬಿಟ್ಟು ಮೇಯಿಸುವಂತಿಲ್ಲ, ಸೆರೆ ಬಂದ್, ಶ್ರಮದಾನ ಎಲ್ಲರಿಗೂ. ಇದರಲ್ಲಿ ಮೇವಿನ ಬಂದಿ ಬಡವರ ಹೊಟ್ಟೆಗೇ ಬೀಳುವಂಥದ್ದು. ಅದಕ್ಕೇ ಗುಡ್ಡದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಮನೆಗೆ ಒಯ್ಯಲು ಅವಕಾಶ ಇಟ್ಟರು. ಹುಲ್ಲು ಹೆಚ್ಚಿತು, ಎಮ್ಮೆ-ಆಕಳು ಕಟ್ಟಿದರು. 90ರ ದಶಕದ ಮಧ್ಯದಲ್ಲಿ ದಿನಕ್ಕೆ ಸುಮಾರು 150 ಲೀಟರ್ ಇದ್ದ ಹಾಲು 2010ರ ಹೊತ್ತಿಗೆ 4 ಸಾವಿರ ಲೀಟರಿಗೆ ಏರಿತು. ಬರೇ ‘ಬ್ಯಾಡ’ ಅಂದಿದ್ದರೆ ಯಾರು ಕೇಳುತ್ತಿದ್ದರು?

ನೀರಿಗೂ ಜಮಾ-ಖರ್ಚು

ಎಲ್ಲಕ್ಕಿಂತ ದೊಡ್ಡ ಪಾಠ ನೀರಿನ ಲೆಕ್ಕದ್ದು. ಊರಿನಲ್ಲೇ ಮಳೆ ಅಳೆಯುತ್ತಾರೆ, ಬಾವಿಗಳ ಮಟ್ಟ ನೋಡುತ್ತಾರೆ. ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಲೆಕ್ಕ ಇಡುತ್ತಾರೆ. ಕುಡಿಯಲು ಇಷ್ಟು, ದನಕರುಗಳಿಗೆ ಇಷ್ಟು, ಉಳಿದದ್ದು ಬೆಳೆಗೆ. ಮಳೆ ಕಡಿಮೆ ಆದ ವರ್ಷ ಹೆಚ್ಚು ನೀರು ಕುಡಿಯುವ ಬೆಳೆ ಬಿಡಬೇಕು. ಕಬ್ಬು ಬೇಡ, ನೀರಾವರಿಗೆ ಬೋರವೆಲ್ ಬೇಡ ಎಂಬ ನಿರ್ಬಂಧ ಜಮೀನಿದ್ದ ದೊಡ್ಡವರಿಗೂ ತಪ್ಪಲಿಲ್ಲ. ಲೆಕ್ಕ ಎಲ್ಲರ ಕಣ್ಣೆದುರೇ ಇದ್ದರೆ ಸಂಶಯಕ್ಕೆ ಜಾಗ ಕಡಿಮೆ. ಹೆಚ್ಚಿನ ಮಂಡಳಗಳು ಒಡೆಯುವುದು ಇದೇ ಸಂಶಯದಿಂದ ಅಲ್ಲವೇ?

2020ರಲ್ಲಿ ಪವಾರ್ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಹಾಗಂತ ಊರಲ್ಲಿ ಭಿನ್ನಮತ ಇಲ್ಲವೆಂದಲ್ಲ. ಸುಮಾರು ಮೂವತ್ತು ವರ್ಷ ಅವಿರೋಧ ಆಯ್ಕೆ ಕಂಡ ಪಂಚಾಯಿತಿಗೆ 2021ರ ಜನವರಿಯಲ್ಲಿ ಮತದಾನ ನಡೆಯಿತು. ಪವಾರ್ ಗುಂಪೇ ಗೆದ್ದಿತು. ಮುಂದಾಳು ಎಷ್ಟೇ ದೊಡ್ಡವನಾದರೂ ಮಂದಿಯ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಗಡಿಭಾಗದ ಮಂಡಳಗಳು ಇದನ್ನೆಲ್ಲಾ ಒಂದೇ ವರ್ಷದಲ್ಲಿ ಮಾಡಬೇಕಿಲ್ಲ. ಎಂಟು ದಿನದಲ್ಲಿ ಮುಗಿಯುವ ಒಂದು ಕೆಲಸ ಆರಿಸಿ, ಅಧ್ಯಕ್ಷರೇ ಮೊದಲು ಗುದ್ದಲಿ ಹಿಡಿಯಲಿ. ಖರ್ಚಾದ ಪ್ರತಿ ರೂಪಾಯಿಯ ಲೆಕ್ಕ ಗುಡಿಯ ಗೋಡೆಗೆ ಅಂಟಿಸಲಿ. ಮಂದಿ ತಾವಾಗೇ ಕೂಡ್ತಾರ. ಬೋರ್ಡ್ ಬರೆಸುವುದು ಆಮ್ಯಾಲ ನೋಡಿದರಾಯಿತು.