‘ಯಾವ ನೀರು ಸಾರ್?’

ಮಳೆಗಾಲ ಹಿಡಿಯಿತೆಂದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ಸಣ್ಣ ಊರಿನ ಬಸ್ ನಿಲ್ದಾಣದ ಪಕ್ಕದ ಅಂಗಡಿಯವರೆಗೆ ಮೊಬೈಲ್ ರಿಪೇರಿಯವರ ಮುಂದೆ ಬರುವ ದೂರು ಒಂದೇ: ‘ಫೋನ್ ಆನ್ ಆಗುತ್ತೆ, ಸೌಂಡೇ ಇಲ್ಲ.’ ಪಳಗಿದವರು ತಕ್ಷಣ ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ. ‘ಯಾವ ನೀರು ಸಾರ್? ಆಮೇಲೆ ಚಾರ್ಜಿಗೆ ಹಾಕಿದ್ರಾ?’ ಎಂದು ಕೇಳುತ್ತಾರೆ.

ಕೇಳುವುದಕ್ಕೆ ಕಾರಣವಿದೆ. ನೀರು ಹೇಗೂ ಆರಿಹೋಗುತ್ತದೆ. ಬೋರ್‌ವೆಲ್ ನೀರಿನ ಸುಣ್ಣ, ಸಮುದ್ರದ ಉಪ್ಪು, ಕಾಫಿಯ ಸಕ್ಕರೆ ಒಳಗೇ ಕೂರುತ್ತವೆ. ಒದ್ದೆಯಿದ್ದಾಗಲೇ ಕರೆಂಟು ಹರಿದರೆ ಬೋರ್ಡಿನ ತಾಮ್ರ ಹಸಿರುಗಟ್ಟಿ ಸವೆಯತೊಡಗುತ್ತದೆ. ಮಳೆಯಲ್ಲಿ ನೆನೆದ ಫೋನಿಗೂ ಮಲ್ಪೆಯ ಅಲೆಗೆ ಸಿಕ್ಕ ಫೋನಿಗೂ ಒಂದೇ ಚಿಕಿತ್ಸೆ ಸಾಲದು.

ಫೋನಿನ ತಳದ ಸ್ಪೀಕರಿಗೆ ಅಂಗಡಿಯವರು ‘ರಿಂಗರ್’ ಎನ್ನುತ್ತಾರೆ. ಪುಟ್ಟ ಅಯಸ್ಕಾಂತ, ಸಪೂರ ತಂತಿಯ ಸುರುಳಿ, ಅದರೊಡನೆ ಅದುರುವ ತೆಳು ಪರದೆ, ಮುಂದೊಂದು ಜಾಲರಿ. ಜಾಲರಿಯ ಕಣ್ಣು ಎಷ್ಟು ಕಿರಿದೆಂದರೆ ಮೇಲ್ಮೈ ಸೆಳೆತದಿಂದ ಹನಿ ಅಲ್ಲೇ ಕಚ್ಚಿಕೊಳ್ಳುತ್ತದೆ, ದನಿ ಗೊಗ್ಗರಾಗುತ್ತದೆ. ಈ ಹನಿಯನ್ನು ಸದ್ದಿನಿಂದಲೇ ಹೊರದಬ್ಬುವ ಉಪಾಯವನ್ನು 2016ರಲ್ಲಿ ಆ್ಯಪಲ್ ತನ್ನ ವಾಚ್ ಸೀರೀಸ್ 2ರಲ್ಲಿ ತಂದಿತು. ಈಗ ಫೋನುಗಳಿಗೂ ಅಂಥ ಆ್ಯಪ್‌ಗಳಿವೆ. ಹಲವು 165 ಹರ್ಟ್ಸ್ ಆಸುಪಾಸಿನ ಗುಂಯ್‌ಗುಡುವ ಸದ್ದು ಹೊರಡಿಸುತ್ತವೆ. ಜಾಲರಿಯ ಹನಿಗೆ ಇದು ಸಾಕು. ಜಾಲರಿ ದಾಟಿ ಬೋರ್ಡಿಗಿಳಿದ ನೀರಿಗೆ ಏನೂ ಮಾಡದು.

ಅಲ್ಲಿಂದ ಮುಂದಿನದು ಕಿವಿಯ ಕಸುಬು. ಗೊಗ್ಗರು ದನಿಯಾದರೆ ಜಾಲರಿಯ ಮೇಲೆ ಗುಮಾನಿ; ಕರಕರ ಎಂದರೆ ಪರದೆಯ ಮೇಲೆ. ಏನೂ ಕೇಳದಿದ್ದರೆ ಹೆಡ್‌ಫೋನ್ ಸಿಕ್ಕಿಸಿ ನೋಡುತ್ತಾರೆ. ಅದರಲ್ಲಿ ಹಾಡು ಬಂದರೆ ರಿಂಗರ್ ಅಥವಾ ಅದರ ಕನೆಕ್ಷನ್ ಕೆಟ್ಟಿರಬೇಕು; ಅಲ್ಲೂ ಮೌನವಾದರೆ ಸದ್ದಿನ ಚಿಪ್, ಅಂದರೆ ಆಡಿಯೊ ಐಸಿಯತ್ತ ನೋಟ ಹೊರಳುತ್ತದೆ. ಕೆಲವೊಮ್ಮೆ ಜ್ಯಾಕಿನ ಒಳಗಿನ ತೇವದಿಂದ ಫೋನು ಹೆಡ್‌ಫೋನ್ ಇದೆಯೆಂದೇ ನಂಬಿ ಸ್ಪೀಕರನ್ನು ಸುಮ್ಮನಾಗಿಸಿರುತ್ತದೆ. ಜ್ಯಾಕ್ ಒಣಗಿಸಿದರೆ ಮುಗಿಯಿತು. ಬಿಚ್ಚಲೇಬೇಕಾದರೆ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯುತ್ತಾರೆ. ರಿಂಗರಿಗೆ ಮಲ್ಟಿಮೀಟರ್ ಹಿಡಿದಾಗ ಕೆಲವೇ ಓಮ್ ತೋರಿಸಿದರೆ ಸುರುಳಿಗೆ ಜೀವವಿದೆ, ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಬೋರ್ಡಿನ ಕಿಲುಬನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದು ಬ್ರಷ್ಷಿನಿಂದ ಉಜ್ಜುತ್ತಾರೆ. ಅದು ತೇವವನ್ನೂ ಜೊತೆಗೊಯ್ದು ಬೇಗ ಆರುತ್ತದೆ.

ಅಂಗಡಿ ತಲುಪುವ ಮುನ್ನ ನಾವು ಮಾಡಬೇಕಾದ್ದು ಸ್ವಲ್ಪವೇ. ಫೋನ್ ಆಫ್ ಮಾಡಿ, ಸ್ಪೀಕರ್ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗಿಡಿ. ಹೇರ್ ಡ್ರೈಯರ್, ಪಿನ್ನು, ಚಾರ್ಜರ್ ಮೂರೂ ಬೇಡ. ಅಕ್ಕಿ ಡಬ್ಬಿಯೂ ಬೇಡ: ಅಕ್ಕಿಯ ಸಣ್ಣ ಕಣಗಳು ಫೋನನ್ನು ಕೆಡಿಸಬಹುದೆಂದು ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ನೀರು ತಾಗಿಲ್ಲ ಎಂದು ವಾದಿಸಿಯೂ ಫಲವಿಲ್ಲ. ಬಹಳಷ್ಟು ಫೋನುಗಳ ಒಳಗೆ ನೀರು ಸೋಕಿದರೆ ಕೆಂಪಾಗುವ ಬಿಳಿ ಚೀಟಿಯಿರುತ್ತದೆ.

‘ನನ್ನದು ಐಪಿ68’ ಎನ್ನುವವರಿಗೆ ಒಂದು ಮಾತು. ನೀರು ತಡೆಯುವ ಆ ದರ್ಜೆಯ ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಸಿಹಿನೀರಿನಲ್ಲಿ. ರಿಪೇರಿಗೆ ಬಿಚ್ಚಿದಾಗ ನೀರು ತಡೆಯುವ ಕಂಪನಿಯ ಅಂಟು ಕಿತ್ತುಬರುತ್ತದೆ. ಮುಚ್ಚುವಾಗ ಹೊಸ ಗಮ್ ಹಾಕಿಸಿ. ಹಾಕಿಸಿದರೂ ಮುಂದಿನ ಮಳೆಗೆ ಪ್ಲಾಸ್ಟಿಕ್ ಕವರನ್ನೇ ನಂಬಿ.