ಇಳಕಲ್ ಸೀರೆಯಂಗಡಿಗೆ ರಿಡಕ್ಸ್ ಬೇಕೇ?

ಪ್ರಶ್ನೆ: ಇಳಕಲ್ ಸೀರೆ ಮಾರುವ ಜಾಲತಾಣವನ್ನು ರಿಯಾಕ್ಟ್‌ನಲ್ಲಿ ಕಟ್ಟುತ್ತಿದ್ದೇನೆ. ಸ್ಟೇಟ್ ನಿರ್ವಹಣೆಗೆ ರಿಡಕ್ಸ್ ಕಲಿಯಲೇಬೇಕೇ?
— ಕಾಲೇಜು ವಿದ್ಯಾರ್ಥಿ, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಸದ್ಯಕ್ಕೆ ಬೇಡ. ಯಾವ ಮಾಹಿತಿ ಯಾರದು ಎಂಬುದನ್ನು ಮೊದಲು ನೋಡಿ. ಸೀರೆಗಳ ಪಟ್ಟಿ, ಬೆಲೆ, ದಾಸ್ತಾನು ಸರ್ವರ್‌ನವು. ಬ್ರೌಸರ್‌ನಲ್ಲಿರುವುದು ನಕಲು ಮಾತ್ರ. ಕೊನೆಯ ಸೀರೆ ಮಾರಾಟವಾದ ಕ್ಷಣವೇ ಆ ನಕಲು ಹಳತು. ಅದನ್ನು ಯಾವಾಗ ಮತ್ತೆ ತರಿಸಬೇಕೆಂಬ ಲೆಕ್ಕವನ್ನು ಟ್ಯಾನ್‌ಸ್ಟ್ಯಾಕ್ ಕ್ವೆರಿಯಂಥ ಲೈಬ್ರರಿಗೆ ಬಿಡಿ. ಬಣ್ಣ, ಚಿಕ್ಕಿ ಪರಾಸ್ ಅಥವಾ ಗೋಮಿ ಅಂಚು ಎಂಬ ಫಿಲ್ಟರ್‌ಗಳು ಯುಆರ್‌ಎಲ್‌ನಲ್ಲಿರಲಿ: ಒಬ್ಬಾಕೆ ಕೊಂಡಿಯನ್ನು ಅಕ್ಕನಿಗೆ ವಾಟ್ಸಾಪ್ ಮಾಡಿದರೆ ಅಕ್ಕನಿಗೂ ಅವೇ ಸೀರೆ ಕಾಣಬೇಕಲ್ಲ! ಮೆನು ತೆರೆಯಲು, ಮುಚ್ಚಲು ಯೂಸ್‌ಸ್ಟೇಟ್ ಸಾಕು.

ಉಳಿಯುವುದು ಕಾರ್ಟ್, ಲಾಗಿನ್. ಅವಕ್ಕೆ ಕಾಂಟೆಕ್ಸ್ಟ್ ಸಾಲುತ್ತದೆ. ಆದರೆ ಅದರ ಮೌಲ್ಯ ಬದಲಾದಾಗಲೆಲ್ಲ ಅದನ್ನು ಓದುವ ಕಾಂಪೊನೆಂಟ್‌ಗಳೆಲ್ಲ ಮತ್ತೆ ರೆಂಡರ್ ಆಗುತ್ತವೆ. ತೊಡಕೆನಿಸಿದರೆ ಝುಸ್ಟಾಂಡ್ ಎಂಬ ಲೈಬ್ರರಿ ನೋಡಿ. 2015ರಲ್ಲಿ ರಿಡಕ್ಸ್ ರೂಪಿಸಿದವರಲ್ಲೊಬ್ಬರಾದ ಡ್ಯಾನ್ ಅಬ್ರಮೊವ್ ಅವರೇ ಮರುವರ್ಷ, ನಿಮಗದು ಬೇಕಾಗದೇ ಇರಬಹುದು ಎಂದು ಬರೆದಿದ್ದರು. ಹಲವರು ಕೂಡಿ ಬರೆಯುವ, ಪ್ರತಿ ಬದಲಾವಣೆಯ ಜಾಡು ಬೇಕಾಗುವ ದೊಡ್ಡ ಯೋಜನೆಗೆ ರಿಡಕ್ಸ್ ಈಗಲೂ ಒಳ್ಳೆಯದೇ. ಆಗ ರಿಡಕ್ಸ್ ಟೂಲ್‌ಕಿಟ್ಟನ್ನೇ ಹಿಡಿಯಿರಿ. ಕೆಲಸದ ಸಂದರ್ಶನಕ್ಕೆಂದು ಕಲಿಯುವುದಾದರೆ, ಅದು ಬೇರೆ ಮಾತು.