ಮೇಕೆ ಸಾಲದ ಜೊತೆಗೆ ಬಂದ ಪಾಠ
ಕಲಿಕೆಗೆ ವಯಸ್ಸಿಲ್ಲ ಎನ್ನುತ್ತೇವೆ, ಸರಿ. ತರಗತಿಯಲ್ಲಿ ಕೂರಲು ಬಿಡುವೇ ಇಲ್ಲದವರ ಗತಿಯೇನು? 2008ರ ಸುಮಾರಿಗೆ ತಮಿಳುನಾಡಿನ ಥೇಣಿ ಜಿಲ್ಲೆಯಲ್ಲಿ ‘ಕಾಮನ್‌ವೆಲ್ತ್ ಆಫ್ ಲರ್ನಿಂಗ್’ ಬೆಂಬಲದಿಂದ ನಡೆದ ಪ್ರಯೋಗವೊಂದು ಉತ್ತರ ಹುಡುಕಿತು. ಸ್ವಸಹಾಯ ಸಂಘಗಳ ಮಹಿಳೆಯರು ಮೇಕೆ ಸಾಕಲು ಬ್ಯಾಂಕಿನಿಂದ ಪಡೆದ ಸಾಲದಲ್ಲಿ ಮೊಬೈಲ್ ಫೋನಿನ ಬೆಲೆಯೂ ಸೇರಿತ್ತು. ಮೇವು, ರೋಗ, ಆರೈಕೆಯ ಪಾಠಗಳು ಕಿರು ಧ್ವನಿಸಂದೇಶಗಳಾಗಿ ತಲುಪಿದವು. ಅಕ್ಷರ ಬಾರದಿರುವುದು ತೊಡಕಾಗಲಿಲ್ಲ. ಮೇಕೆ ಮೇಯಿಸುತ್ತ ಕೇಳಿದ್ದನ್ನು ಸಂಘದ ಗೆಳತಿಯರೊಡನೆ ಚರ್ಚಿಸಬಹುದಿತ್ತು. ಸಾಲ ತೀರಬೇಕಾದರೆ ಮೇಕೆ ಬದುಕಬೇಕು. ಪಾಠ ಕೇಳಲು ಬೇರೆ ಒತ್ತಾಯವೇಕೆ? ಇಂದಿನ ದುಬಾರಿ ಆ್ಯಪ್‌ಗಳು ವಿಡಿಯೊ ರಾಶಿ ಹಾಕಿ ಕಲಿಯುವವರನ್ನು ಬಹುಪಾಲು ಒಂಟಿಯಾಗಿ ಕೂರಿಸುತ್ತವೆ. ಥೇಣಿಯಲ್ಲಿ ಇದ್ದದ್ದು ಸಾಧಾರಣ ಫೋನು, ಜೊತೆಗೆ ಮಾತನಾಡಲು ಹತ್ತು ಜನ.